ಕೊಡಗಿಗೆ ವರ್ಷಕ್ಕೊಂದು ವಾರ ಟೆನಿಸ್ ಬೇಕು: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೊಡಗು ಜಿಲ್ಲಾ ಉಸ್ತುವಾರಿ ಸಚಿವರೇ, ನಮಸ್ಕಾರ.

ನಾನು ಸುಂಟಿಕೊಪ್ಪದ ಹತ್ರ ಆರು ಎಕ್ರೆ ಕಾಫಿ ಇಟ್ಕೊಂಡಿರೋ ಬೆಳೆಗಾರ. ಯಾವ ಪಾರ್ಟಿಲೂ ಇಲ್ಲ, ಯಾವ ಸಂಘದ ಪದಾಧಿಕಾರಿನೂ ಅಲ್ಲ. ನನ್ನ ಮಗ ಟೆನಿಸ್ ಆಡ್ತಾನೆ, ಅವನಿಗೆ ಈಗ ಇಪ್ಪತ್ತು. ಕೇಳ್ತಿರೋದು ಜಿಲ್ಲೆಯ ಎಲ್ಲಾ ಮಕ್ಕಳಿಗೋಸ್ಕರ, ಆದ್ರೆ ಮಾತು ಅವನಿಂದಲೇ ಶುರು ಮಾಡ್ಬೇಕು, ಯಾಕಂದ್ರೆ ಈ ಆಟದ ಬಗ್ಗೆ ನನಗೆ ಗೊತ್ತಾಗಿರೋದೆಲ್ಲ ಅವನ ಹಿಂದೆ ಕಿಟ್ ಬ್ಯಾಗ್ ಹೊತ್ಕೊಂಡು ಓಡಾಡಿ ಗೊತ್ತಾಗಿರೋದು.

ಅವನು ಆಟ ಕಲಿತಿದ್ದು ನಮ್ಮ ಕಾಫಿ ಕಣದಲ್ಲಿ. ಸಿಮೆಂಟ್ ಕಣ, ಒಂದು ಬದಿಗೆ ಗೋಡೌನ್ ಗೋಡೆ, ಆ ಗೋಡೆ ಮೇಲೆ ಮೂರಡಿ ಎತ್ತರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳ್ದು ಕೊಟ್ಟಿದ್ದೆ, ಅದೇ ನೆಟ್ಟು. ತೊಂದ್ರೆ ಏನಂದ್ರೆ ಮಳೆಗಾಲ ಮುಗ್ದು ಆಡೋಕೆ ಒಳ್ಳೆ ಬಿಸಿಲು ಬಿದ್ದ ಕೂಡ್ಲೇ ಕುಯ್ಲು ಶುರುವಾಗುತ್ತೆ, ಡಿಸೆಂಬರಿಂದ ಫೆಬ್ರವರಿ ಕೊನೆವರೆಗೂ ಕಣದ ತುಂಬ ಕಾಫಿ ಹರಡಿರುತ್ತೆ, ಕಾಲಿಡೋಕೆ ಜಾಗ ಇರಲ್ಲ, ಆಮೇಲೆ ಮೂರು ತಿಂಗಳು ಆಡಿದ್ರೆ ಮತ್ತೆ ಜೂನ್ ಮಳೆ. ಅವನಿಗೆ ಹನ್ನೆರಡು ತುಂಬಿದ್ಮೇಲೆ ಕೋಚಿಂಗಿಗೆ ಅಂತ ಪ್ರತಿ ಶನಿವಾರ ಮೈಸೂರು ಬಸ್ಸು. ರ‍್ಯಾಕೆಟ್ಟಿನ ಗಟ್, ಅಂದ್ರೆ ತಂತಿ, ಕಿತ್ತು ಹೋದ್ರೂ ಮೈಸೂರಿಗೇ ಹೋಗ್ಬೇಕು, ಹಾಗಾಗಿ ಎರಡು ರ‍್ಯಾಕೆಟ್ಟಲ್ಲಿ ಒಂದು ಯಾವಾಗ್ಲೂ ರಿಪೇರಿಲಿ ಇರ್ತಿತ್ತು.

ನಮ್ಮನೆಯಿಂದ ಮಾದಾಪುರ ಏನು ದೂರ ಇಲ್ಲ. ರೋಹನ್ ಬೋಪಣ್ಣ ಬೆಳೆದಿದ್ದು ಅಲ್ಲಿಯ ಕಾಫಿ ತೋಟದಲ್ಲಿ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, 43ನೇ ವಯಸ್ಸಿಗೆ ಡಬಲ್ಸಲ್ಲಿ ವಿಶ್ವದ ನಂಬರ್ ಒನ್ ಆದ್ರು, ಅಷ್ಟು ವಯಸ್ಸಲ್ಲಿ ಮೊದಲ ಸಲ ನಂಬರ್ ಒನ್ ಆದವರು ಅವರಿಗಿಂತ ಮುಂಚೆ ಯಾರೂ ಇರ್ಲಿಲ್ಲ. ಅವತ್ತು ಊರೆಲ್ಲ ಹಬ್ಬ ಸರ್, ನಾನೂ ಟಿವಿ ಮುಂದೆ ಕೂತು ಅತ್ತಿದೀನಿ. ಆದ್ರೆ ಆ ಖುಷಿಲಿ ನಾವೆಲ್ಲ ಒಂದು ವಿಷಯ ಮರೀತೀವಿ. ಅವರು ದೊಡ್ಡ ಆಟಗಾರ ಆಗೋಕೆ ಕೊಡಗು ಬಿಟ್ಟು ಪುಣೆಗೆ ಹೋಗ್ಬೇಕಾಯ್ತು. ಆಮೇಲೂ ವರ್ಷಗಟ್ಟಲೆ ಯಾರೂ ನೋಡದ ಸಣ್ಣ ಸಣ್ಣ ಟೂರ್ನಮೆಂಟುಗಳಲ್ಲಿ ಸುತ್ತಿದ್ದಾರೆ, ಸಿಂಗಲ್ಸಲ್ಲಿ ಅವರ ಬೆಸ್ಟ್ ರ‍್ಯಾಂಕಿಂಗ್ 213, ಅಲ್ಲಿಂದ ಡಬಲ್ಸ್ ಕಡೆ ತಿರುಗಿ ಒಂದೊಂದೇ ಮೆಟ್ಲು ಹತ್ತಿ ಹೋದೋರು. ನಾನು ಬರೀತಿರೋದು ಆ ಮೊದಲನೇ ಮೆಟ್ಲಿನ ಬಗ್ಗೆ.

ಆ ಮೆಟ್ಲಿಗೆ ಹಿಂದೆ ಫ್ಯೂಚರ್ಸ್ ಅಂತಿದ್ರು. ಈಗ ಗಂಡಸರಿಗೆ ಎಂ15, ಎಂ25, ಹೆಂಗಸರಿಗೆ ಡಬ್ಲ್ಯು15, ಡಬ್ಲ್ಯು35 ಅಂತ ಹೆಸ್ರು, ನಡೆಸೋದು ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದ್ರೆ ಐಟಿಎಫ್. ಎಂ15 ಅಂದ್ರೆ ಇಡೀ ಟೂರ್ನಮೆಂಟಿನ ಬಹುಮಾನ ಸೇರಿ 15,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್, ಮೇನ್ ಡ್ರಾದ, ಅಂದ್ರೆ ಮುಖ್ಯ ಪಂದ್ಯಗಳ, ಮೊದಲನೇ ರೌಂಡಲ್ಲಿ ಸೋತವನಿಗೆ 156 ಡಾಲರ್, ಅದರಲ್ಲೂ ಟ್ಯಾಕ್ಸ್ ಹಿಡ್ಕೋತಾರೆ. ಇದನ್ನ ಕೇಳಿದ್ರೆ ಇಷ್ಟೇನಾ ಅನ್ಸುತ್ತೆ. ಆದ್ರೆ ಹುಡುಗರು ಹೋಗೋದು ದುಡ್ಡಿಗಲ್ಲ, ಪಾಯಿಂಟಿಗೆ. ಮೇನ್ ಡ್ರಾದಲ್ಲಿ ಒಂದೇ ಒಂದು ಮ್ಯಾಚ್ ಗೆದ್ರೆ ಒಂದು ಎಟಿಪಿ ಪಾಯಿಂಟ್ (ಎಟಿಪಿ ಅಂದ್ರೆ ಗಂಡಸರ ವೃತ್ತಿಪರ ಟೆನಿಸ್ ಸಂಘ), ಟೂರ್ನಮೆಂಟ್ ಗೆದ್ರೆ 15. ಆ ಒಂದು ಪಾಯಿಂಟ್ ಬಂದ ದಿನ ಪ್ರಪಂಚದ ರ‍್ಯಾಂಕಿಂಗ್ ಪಟ್ಟಿಲಿ ಹೆಸರು ಬರುತ್ತೆ. ಅದು ಬರೋವರೆಗೂ ಹತ್ತು ವರ್ಷ ಬೆವರು ಸುರಿಸಿದ್ರೂ ನೀನು ಯಾರು ಅಂತ ಕೇಳ್ತಾರೆ.

2023ರ ಅಕ್ಟೋಬರಲ್ಲಿ ಧಾರವಾಡದಲ್ಲಿ ಎಂ25 ನಡೀತು, ದಸರಾ ಟೈಮು. ಮಗನಿಗೆ ಕ್ವಾಲಿಫೈಯಿಂಗಲ್ಲಿ, ಅಂದ್ರೆ ಮೇನ್ ಡ್ರಾಗೆ ಹೋಗೋಕೆ ಮೊದಲು ಆಡೋ ಸುತ್ತಲ್ಲಿ, ಒಂದು ಜಾಗ ಸಿಕ್ತು, ಅಪ್ಪ ಮಗ ಇಬ್ರೂ ರಾತ್ರಿ ಬಸ್ಸಲ್ಲಿ ಹೋದ್ವಿ. ಎದುರಾಳಿ ಯುರೋಪಿನ ಕಡೆಯವನು, ಇಪ್ಪತ್ತೇಳು ಇಪ್ಪತ್ತೆಂಟು ಇರ್ಬೋದು, ಮೊಣಕಾಲಿಗೆ ಟೇಪ್ ಸುತ್ಕೊಂಡಿದ್ದ. ಮೊದಲ ಸೆಟ್ ನಮ್ಮವನು ಸೋತ್ಬಿಟ್ಟ, ಎರಡನೇದು ಹೆಂಗೋ ಹಿಡ್ಕೊಂಡ, ಕ್ವಾಲಿಫೈಯಿಂಗಲ್ಲಿ ಮೂರನೇ ಸೆಟ್ ಇರಲ್ಲ, ಹತ್ತು ಪಾಯಿಂಟಿನ ಟೈಬ್ರೇಕ್ ಇರುತ್ತೆ, ಅದರಲ್ಲಿ 8-8 ಆಯ್ತು. ಆಮೇಲೆ ಇವನು ಅವಸರ ಮಾಡಿ ಒಂದು ಫೋರ್‌ಹ್ಯಾಂಡ್ ಹೊರಗೆ ಹೊಡ್ದ, ಅವನು ಸುಮ್ನೆ ಒಂದು ಸರ್ವ್ ಹಾಕಿ ಮುಗಿಸಿದ. 10-8. ನನ್ನ ಕೈ ನಡುಗ್ತಿತ್ತು ಸರ್.

ಸಂಜೆ ಕ್ಯಾಂಟೀನ್ ಹತ್ರ ಆ ಎದುರಾಳಿನೇ ನನ್ನ ಮಗನ್ನ ಕರ್ದು ಕೂರಿಸ್ಕೊಂಡ. ಇಡ್ಲಿ ತಿಂತಾ, ಎಂಟಕ್ಕೆ ಎಂಟು ಆದಾಗ ನಾನು ಚೆಂಡನ್ನ ಆರು ಸಲ ನೆಲಕ್ಕೆ ಕುಟ್ಟಿ ಉಸಿರು ತಗೊಳ್ತೀನಿ, ನೀನು ಎರಡೇ ಸಲ ಕುಟ್ಟಿದೆ ಅಂತ ಹೇಳಿದ. ಅಷ್ಟೇ ಮಾತು. ನಾನು ಮೈಸೂರಿನ ಕೋಚಿಂಗಿಗೆ ಎಷ್ಟು ವರ್ಷ ಫೀಸ್ ಕಟ್ಟಿದೀನಿ, ಆ ಮಾತು ಅವನಿಗೆ ಅಲ್ಲಿ ಸಿಕ್ಕಿರ್ಲಿಲ್ಲ, ಸಿಗೋಕೂ ಆಗಲ್ಲ, ಯಾಕಂದ್ರೆ ಅದನ್ನ ಹೇಳೋನು ಅಂಥ ನೂರು ಟೈಬ್ರೇಕ್ ಆಡಿರ್ಬೇಕು. ಆವತ್ತಿಂದ ಇವತ್ತಿನವರೆಗೂ ನಮ್ಮವನು ಸರ್ವಿಗೆ ಮುಂಚೆ ಆರು ಸಲ ಕುಟ್ತಾನೆ, ಕಣದಲ್ಲಿ ಗೋಡೆಗೆ ಹೊಡೀವಾಗ್ಲೂ.

ಧಾರವಾಡದ ಥರ ಆ ವರ್ಷ ಕಲಬುರಗಿಲೂ ಮೈಸೂರಲ್ಲೂ ಆಯ್ತು, ಮಂಡ್ಯದಲ್ಲೂ ದಾವಣಗೆರೆಲೂ ಹಿಂದೆ ಆಗಿದೆ. ಆದ್ರೆ ಪ್ರತಿ ವರ್ಷ ಇಂಥ ತಿಂಗಳು ಇಂಥ ಊರು ಅಂತ ನಂಬಿಕೊಂಡು ಕೂರೋ ಹಾಗಿಲ್ಲ. ಊರಲ್ಲಿ ಇಲ್ಲ ಅಂದ್ರೆ ಹುಡುಗರು ಎಲ್ಲಿಗೆ ಹೋಗ್ಬೇಕು ಗೊತ್ತಾ? ಟುನೀಷಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯ. ಅಲ್ಲಿ ಹೆಚ್ಚುಕಮ್ಮಿ ವಾರ ವಾರ ಎಂ15 ನಡೆಯುತ್ತೆ. ವೀಸಾ, ವಿಮಾನ, ಹೋಟ್ಲು, ಊಟ, ಗಟ್ಟಿಂಗು, ಮೂರು ವಾರಕ್ಕೆ ಕಮ್ಮಿ ಹೋದ್ರೆ ಪ್ರಯೋಜನ ಇಲ್ಲ, ಗೆದ್ದು ಬಂದ್ರೂ ಕೈಗೆ ಸಿಗೋದು ನಾನು ಮೇಲೆ ಹೇಳಿದ ಆ ಡಾಲರ್ರೇ. ಸುಮಿತ್ ನಾಗಲ್ 2017ರಲ್ಲಿ ನಮ್ಮ ಬೆಂಗಳೂರಲ್ಲೇ ಚಾಲೆಂಜರ್, ಅಂದ್ರೆ ಎಂ25ಗಿಂತ ಮೇಲಿನ ಮೆಟ್ಲಿನ ಟೂರ್ನಮೆಂಟ್, ಗೆದ್ದು, 2019ರಲ್ಲಿ ಯುಎಸ್ ಓಪನಲ್ಲಿ ಫೆಡರರ್ ಹತ್ರ ಒಂದು ಸೆಟ್ ಕಿತ್ಕೊಂಡ ಹುಡುಗ, 2023ರಲ್ಲಿ ಬ್ಯಾಂಕಲ್ಲಿ ಉಳಿದಿರೋದು ಬರೀ 900 ಯೂರೋ ಅಂತ ಬಾಯಿಬಿಟ್ಟು ಹೇಳಿದ್ರು. ದೇಶದ ನಂಬರ್ ಒನ್ ಆಟಗಾರನ ಕಥೆನೇ ಹೀಗಿದ್ರೆ ಸುಂಟಿಕೊಪ್ಪದ ಹುಡುಗನ ಪಾಡೇನು. ನಮ್ಮ ಕಡೆ ಹದಿನೆಂಟು ಹತ್ತೊಂಬತ್ತಕ್ಕೆ ರ‍್ಯಾಕೆಟ್ ಅಟ್ಟಕ್ಕೆ ಹಾಕಿದ ಮೂರು ಮಕ್ಕಳು ನನಗೇ ಗೊತ್ತು, ಒಬ್ಬಳು ಹುಡುಗಿಯಂತೂ ನನ್ನ ಮಗನಿಗಿಂತ ಚೆನ್ನಾಗಿ ಆಡ್ತಿದ್ಲು. ಅವಳನ್ನ ಒಂಟಿಯಾಗಿ ಅಷ್ಟು ದೂರ ಕಳಿಸೋಕೆ ಮನೇಲಿ ಧೈರ್ಯ ಬರ್ಲಿಲ್ಲ, ಜೊತೇಲಿ ಒಬ್ರು ಹೋಗೋಕೆ ದುಡ್ಡಿರ್ಲಿಲ್ಲ.

ಈ ಸಣ್ಣ ಟೂರ್ನಮೆಂಟುಗಳಿಗೆ ಬೆಲೆ ಇಲ್ಲ ಅಂತ ಅಂದ್ಕೊಂಡು ಟೆನಿಸ್ ನಡೆಸೋ ದೊಡ್ಡೋರೂ ಒಂದ್ಸಲ ಎಡವಿದಾರೆ. 2019ರ ಶುರುವಲ್ಲಿ ಎಂ15ಗೆ ಎಟಿಪಿ ಪಾಯಿಂಟೇ ಇಲ್ಲ ಅಂತ ಮಾಡಿ ಬೇರೆ ಒಂದು ರ‍್ಯಾಂಕಿಂಗ್ ತಂದ್ರು. ಎಷ್ಟೋ ಆಟಗಾರರು ರಾತ್ರೋರಾತ್ರಿ ಪಟ್ಟಿಯಿಂದ ಮಾಯ ಆದ್ರು, ಪ್ರಪಂಚದ ಎಲ್ಲಾ ಕಡೆಯಿಂದ ಗಲಾಟೆ ಎದ್ದು ಅದೇ ಆಗಸ್ಟಲ್ಲಿ ಪಾಯಿಂಟ್ ವಾಪಸ್ ಕೊಡ್ಬೇಕಾಯ್ತು.

ಸರ್, ನಮ್ಮ ಜಿಲ್ಲೆಗೆ ಇದು ಹೊಸ ಪಾಠನೂ ಅಲ್ಲ. ಹಾಕಿ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ 60 ತಂಡ, 2024ರಲ್ಲಿ ನಾಪೋಕ್ಲುವಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆ ಆಯ್ತು. ಅಲ್ಲಿ ಒಲಿಂಪಿಕ್ಸ್ ಆಡಿದೋರ ಪಕ್ಕದಲ್ಲೇ ಹೈಸ್ಕೂಲ್ ಹುಡುಗ ಸ್ಟಿಕ್ ಹಿಡೀತಾನೆ, ಅಜ್ಜಿ ಗ್ಯಾಲರಿಲಿ ಕೂತು ಕೂಗ್ತಾರೆ. ಪೊನ್ನಂಪೇಟೆಲಿ, ಕೂಡಿಗೆಲಿ ಕ್ರೀಡಾ ಹಾಸ್ಟೆಲ್ ಇದೆ. ಇಲ್ಲಿಂದ ಭಾರತ ತಂಡಕ್ಕೆ ಅಷ್ಟು ಜನ ಹೋಗಿದ್ದು ಸುಮ್ನೆ ರಕ್ತದಲ್ಲಿದೆ ಅಂತಲ್ಲ, ಮೊದಲನೇ ಮೆಟ್ಲು ಮನೆ ಬಾಗಿಲಲ್ಲೇ ಇತ್ತು.

ಟೆನಿಸಿಗೂ ಅದೇ ಬೇಕು ಅಂತ ಒಂದು ಕಚೇರಿಗೆ ಅರ್ಜಿ ತಗೊಂಡು ಹೋಗಿದ್ದೆ. ಟೆನಿಸ್ ದೊಡ್ಡೋರ ಆಟ ರೀ, ಕ್ಲಬ್ಬಲ್ಲಿ ಆಡ್ಕೊಳ್ಲಿ ಅಂದ್ರು. ಕ್ಲಬ್ ಮೆಂಬರ್‌ಶಿಪ್ ಇಲ್ಲದೋರ ಮಕ್ಕಳಿಗೆ ಕೋರ್ಟೇ ಸಿಗದಿದ್ರೆ ಅದು ದೊಡ್ಡೋರ ಆಟವಾಗೇ ಉಳಿಯುತ್ತೆ ಅಂತ ಅವತ್ತು ಹೇಳೋಕೆ ಆಗ್ಲಿಲ್ಲ, ಗಂಟಲು ಕಟ್ಟಿತ್ತು, ಅದನ್ನ ಈಗ ನಿಮ್ಮ ಮುಂದೆ ಹೇಳ್ತಿದೀನಿ.

ನಾನು ಕೇಳೋದು ಇಷ್ಟು. ಕುಶಾಲನಗರದಲ್ಲಿ ಒಂದೇ ಥರದ ಐದು ಹಾರ್ಡ್ ಕೋರ್ಟ್. ಮಡಿಕೇರಿ ಅನ್ನದೆ ಕುಶಾಲನಗರ ಅಂದಿದ್ದಕ್ಕೆ ಕಾರಣ ಇದೆ, ಅಲ್ಲಿ ಮಳೆ ಎಷ್ಟೋ ಕಮ್ಮಿ, ಜಾಗ ಸಮತಟ್ಟು, ಮೈಸೂರು ಹೈವೇ ಮೇಲೇ ಇದೆ, ರೈಲು ಇಲ್ಲದ ಜಿಲ್ಲೆಲಿ ಹೊರಗಿನೋರಿಗೆ ಬರೋಕೆ ಸುಲಭ. ಕೋರ್ಟ್ ಕಟ್ಟೋದಕ್ಕಿಂತ ಕಷ್ಟ ಉಳಿಸ್ಕೊಳ್ಳೋದು, ನಮ್ಮೂರಲ್ಲಿ ಎರಡು ಮಳೆಗಾಲ ಬಿಟ್ರೆ ಸಿಮೆಂಟ್ ಮೇಲೆ ಕಾಲಿಟ್ಟೋನು ಜಾರಿ ಬೀಳೋಷ್ಟು ಪಾಚಿ ಕಟ್ಟುತ್ತೆ, ಅದಕ್ಕೆ ಸಂಬಳ ಕೊಟ್ಟು ಮಕ್ಕಳ ಜೊತೆ ಆಡೋ ಒಬ್ಬ ಮಾರ್ಕರನ್ನೂ ಒಬ್ಬ ಗ್ರೌಂಡ್ಸ್‌ಮನ್ನನ್ನೂ ಇಡ್ಬೇಕು, ಇದು ಮಾತ್ರ ದಯವಿಟ್ಟು ಬಜೆಟ್ಟಲ್ಲಿ ಬಿಟ್ಟು ಹೋಗ್ಬಾರ್ದು. ಆಮೇಲೆ ರಾಜ್ಯ ಟೆನಿಸ್ ಸಂಸ್ಥೆ ಜೊತೆ ಕೂತು ಐಟಿಎಫ್ ಕ್ಯಾಲೆಂಡರಲ್ಲಿ ಒಂದು ಎಂ15, ಒಂದು ಡಬ್ಲ್ಯು15, ಫೆಬ್ರವರಿಲಿ. 2023ರಿಂದ 2025ರವರೆಗೆ ಬೆಂಗಳೂರು, ಚೆನ್ನೈ ಚಾಲೆಂಜರ್ ನಡೆದಿದ್ದೂ ಫೆಬ್ರವರಿಲೇ, ಅಲ್ಲಿ ಜಾಗ ಸಿಗದೋರು, ಬೇಗ ಸೋತೋರು ಇಲ್ಲೇ ದಕ್ಷಿಣದಲ್ಲಿ ಇರ್ತಿದ್ರು. ಮೈಸೂರು, ಮಂಡ್ಯನೂ ಕೂಡಿಸಿ ಸತತ ಮೂರು ವಾರ ಮಾಡಿದ್ರೆ ಹೊರಗಿನೋರಿಗೂ ಟಿಕೆಟ್ ದುಡ್ಡು ಗಿಟ್ಟುತ್ತೆ, ನಮ್ಮೋರಿಗಂತೂ ಬಸ್ ಚಾರ್ಜಲ್ಲಿ ಮೂರು ಅವಕಾಶ. ನಡೆಸೋ ಊರಿಗೆ ಕೆಲವು ವೈಲ್ಡ್ ಕಾರ್ಡ್, ಅಂದ್ರೆ ರ‍್ಯಾಂಕಿಂಗ್ ಇಲ್ಲದೋರನ್ನೂ ಆಡಿಸೋ ಜಾಗ, ಸಿಗುತ್ತೆ, ಅದರಲ್ಲಿ ಒಂದಾದ್ರೂ ಕ್ಲಬ್ಬಿನ ಹೊರಗಿನ ಮಕ್ಕಳಿಗೆ ಒಂದು ಸೆಲೆಕ್ಷನ್ ಟೂರ್ನಮೆಂಟ್ ಇಟ್ಟು ಕೊಡ್ಲಿ. ನಮ್ಮ ಹೋಂಸ್ಟೇಗಳು ಶನಿವಾರ ಭಾನುವಾರ ತುಂಬಿ ಸೋಮವಾರದಿಂದ ಖಾಲಿ ಹೊಡೀತವೆ, ಆಟಗಾರರು ಇರೋದು ವಾರದ ದಿನಗಳಲ್ಲೇ, ಅದನ್ನೂ ಲೆಕ್ಕಕ್ಕೆ ತಗೊಳಿ.

ನನ್ನ ಮಗನಿಗೆ ಇನ್ನೂ ಆ ಒಂದು ಪಾಯಿಂಟ್ ಬಂದಿಲ್ಲ. ನೀವು ಇವತ್ತು ಶುರು ಮಾಡಿದ್ರೂ ಕೋರ್ಟ್ ರೆಡಿ ಆಗೋ ಹೊತ್ತಿಗೆ ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಆಗಿರುತ್ತೆ, ಅವನು ಆಡ್ತಾನೋ ಬಿಡ್ತಾನೋ ಗೊತ್ತಿಲ್ಲ. ಪಕ್ಕದ ಲೈನ್ ಮನೆಯ, ಅಂದ್ರೆ ತೋಟದ ಕೆಲಸದೋರ ಮನೆಯ, ಒಂಬತ್ತು ವರ್ಷದ ಹುಡುಗಿ ಒಬ್ಬಳು ಸಂಜೆ ಬಂದು ಇವನ ಹಳೇ ರ‍್ಯಾಕೆಟ್ಟಲ್ಲಿ ನಮ್ಮ ಗೋಡೆಗೆ ಹೊಡೀತಾಳೆ, ಅವಳಿಗೋಸ್ಕರ ಸುಣ್ಣದ ಗೆರೆನ ಹೋದ ತಿಂಗಳು ಮತ್ತೆ ಬಳಿದಿದೀನಿ.

ಜಿಲ್ಲೆಯ ಪ್ರಗತಿ ಪರಿಶೀಲನೆ ಮಾಡೋ ಮುಂದಿನ ಕೆಡಿಪಿ ಮೀಟಿಂಗಿಗೆ ಮಡಿಕೇರಿಗೆ ಬಂದಾಗ ನನಗೆ ಹತ್ತು ನಿಮಿಷ ಕೊಡಿ ಸರ್. ಕೋರ್ಟಿನ ಅಳತೆ, ಟೆನಿಸ್ ಆಡೋ ನಮ್ಮ ಮಕ್ಕಳ ಪಟ್ಟಿ, ಎರಡೂ ಕೈಲಿ ಬರ್ಕೊಂಡು ತರ್ತೀನಿ. ಗೇಟ್ ಹತ್ರ ನಿಂತಿರ್ತೀನಿ.

ಇಂತಿ,
ಸುಂಟಿಕೊಪ್ಪ ಕಡೆಯ ಒಬ್ಬ ಕಾಫಿ ಬೆಳೆಗಾರ