ಅಳುವವರ ಮುಂದೆ ಯಾವ ಕವಿತೆ?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಶ್ರದ್ಧಾಂಜಲಿ ಪುಟದಲ್ಲಿ ಭಾವಚಿತ್ರಗಳ ಕೆಳಗೆ ಅಚ್ಚಾಗುವ ಸಾಲುಗಳಲ್ಲಿ, ನಮ್ಮ ನಗರದ ವೈಕುಂಠ ಸಮಾರಾಧನೆಗಳಲ್ಲಿ ಮತ್ತು ಸಂತಾಪ ಸಭೆಗಳಲ್ಲಿ ಹಿರಿಯರು ಆಡುವ ಮಾತುಗಳಲ್ಲಿ, ಮಂಕುತಿಮ್ಮನ ಕಗ್ಗದ ‘ಬದುಕು ಜಟಕಾಬಂಡಿ’ ಪದ್ಯ ಮತ್ತೆ ಮತ್ತೆ ಬರುತ್ತದೆ. ಡಿವಿಜಿಯವರು ಬಾಳಿದ ಬಸವನಗುಡಿಯ ಸುತ್ತಮುತ್ತ ಇದು ಸಹಜವೇ. ಆದರೆ ಆಗಷ್ಟೇ ಮನೆಯವರನ್ನು ಕಳೆದುಕೊಂಡು ಕುಳಿತವರಿಗೆ ಅದನ್ನು ಸಮಾಧಾನದ ಮಾತಾಗಿ ಹೇಳುವುದು ಆ ಪದ್ಯಕ್ಕೂ ನ್ಯಾಯವಲ್ಲ, ಕೇಳುವವರಿಗೂ ಅಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ಅದರ ಜೊತೆಗಿಟ್ಟು ಓದಿದರೆ ಕಾರಣ ತಿಳಿಯುತ್ತದೆ.

1943ರಲ್ಲಿ ಪ್ರಕಟವಾದ ಕಗ್ಗದ ಈ ಪದ್ಯದಲ್ಲಿ ಬದುಕು ಗಾಡಿ, ವಿಧಿ ಅದರ ಸಾಹೇಬ, ನಾವು ಕುದುರೆ. ‘ಮದುವೆಗೋ ಮಸಣಕೋ ಹೋಗೆಂದ ಕಡೆಗೋಡು’ ಎಂಬ ಸಾಲನ್ನು ನಾವು ಸಾವಿನ ಮಾತೆಂದೇ ಹಿಡಿದುಕೊಂಡಿದ್ದೇವೆ. ಗಮನಿಸಿದರೆ, ಅಲ್ಲಿನ ಮಸಣ ಪಯಣಿಗರು ಹೋಗಬೇಕಾದ ಜಾಗ. ಕುದುರೆಗೆ ಅದು ಮದುವೆಮನೆಯಷ್ಟೇ ದೂರದ ಇನ್ನೊಂದು ಬಾಡಿಗೆ. ಕುದುರೆಯ ಸ್ವಂತ ಅಂತ್ಯ ಇರುವುದು ಕೊನೆಯ ಸಾಲಿನಲ್ಲಿ: ‘ಪದಕುಸಿಯೆ ನೆಲವಿಹುದು’. ಓಡುವಷ್ಟು ದಿನ ಓಡು, ಬಿದ್ದಾಗ ನೆಲ ಇದ್ದೇ ಇರುತ್ತದೆ ಎನ್ನುವ ಈ ಧೈರ್ಯ ದೊಡ್ಡದು. ಆದರೆ ಅದು ತನ್ನ ಸಾವನ್ನು ಎದುರಿಸಬೇಕಾದವನಿಗೆ, ಅದೂ ಆರೋಗ್ಯವಾಗಿ ಓಡಾಡಿಕೊಂಡಿರುವ ದಿನಗಳಲ್ಲಿ ಮೆಲುಕು ಹಾಕಲು ಬೇಕಾದ ಧೈರ್ಯ. ಈ ನಾಲ್ಕು ಸಾಲುಗಳಲ್ಲಿ ಸತ್ತವರು ಯಾರೂ ಇಲ್ಲ, ಅಳುವವರೂ ಇಲ್ಲ. ಕವಿಗೆ ದುಃಖದ ಅರಿವಿರಲಿಲ್ಲವೆಂದು ಇದರ ಅರ್ಥವಲ್ಲ. ಡಿವಿಜಿಯವರು ಪತ್ನಿಯನ್ನು ಬೇಗನೆ ಕಳೆದುಕೊಂಡವರು. ಆ ನೋವನ್ನು ಅವರು ಇಲ್ಲಿ ಮುಟ್ಟಿಲ್ಲ, ಅಷ್ಟೆ.

ಬೇಂದ್ರೆಯವರ ಕವಿತೆ ಆ ನೋವಿನ ಒಳಗೇ ಇದೆ. ಮಕ್ಕಳ ಸಾವನ್ನು ಕಂಡ ತಂದೆ ಅವರು. ಕವಿತೆಯಲ್ಲಿ ಮಗು ಮಲಗಿದೆ, ಗಂಡ ಮಾತನಾಡುತ್ತಾನೆ, ಹೆಂಡತಿ ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ಆಡದೆ ಅವನನ್ನು ನೋಡುತ್ತಾಳೆ. ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ, ಮಗು ಸತ್ತಿತೆಂದು ಕವಿ ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. ಸಾವು ಕೈ ಸವರಿದ ಗುರುತನ್ನು ಗಂಡ ಕಾಣುವುದು ಹೆಂಡತಿಯ ಮುಖದಲ್ಲಿ. ಬಣ್ಣ ಹಾರಿಹೋದದ್ದು ಅವಳ ತುಟಿಯಿಂದ. ಹಗಲಿನ ಮುಗಿಲಿನಲ್ಲಿ ತೇಲಿಬರುವ ಹುಣ್ಣಿಮೆ ಚಂದಿರನ ಹೆಣ ಅವನ ಕಣ್ಣಿಗೆ ಬೀಳುವುದು ಅವಳನ್ನು ಕಂಡಾಗ. ಕೂಸಿನ ಕಡೆ ನೋಡುವ ಶಕ್ತಿ ಅವನಿಗಿಲ್ಲ, ಅವಳ ಕಡೆ ನೋಡುವ ಶಕ್ತಿಯೂ ಇಲ್ಲ.

ವಿಧಿಯ ಮಾತು ಇಲ್ಲಿಯೂ ಇದೆ ಎಂಬುದನ್ನು ಮರೆಯಬಾರದು. ‘ಮುಂದಿನದು ದೇವರ ಚಿತ್ತ’ ಎಂದು ಗಂಡ ಹೇಳಿಯೇ ಹೇಳುತ್ತಾನೆ. ಡಿವಿಜಿಯವರಲ್ಲಿ ವಿಧಿಯನ್ನು ಒಪ್ಪಿಕೊಂಡ ಮೇಲೆ ಮನಸ್ಸು ಒಂದು ನೆಲೆಗೆ ಬರುತ್ತದೆ. ಬೇಂದ್ರೆಯವರಲ್ಲಿ ಆ ಮಾತು ಮುಗಿಯುವ ಮೊದಲೇ ತಡೆಯಲಾರೆ ಎಂಬ ಉಸಿರು ಹೊರಡುತ್ತದೆ, ಮತ್ತೆ ಮತ್ತೆ ಯಾಕೆ ಇತ್ತ ನೋಡುತ್ತೀ ಎಂಬ ಬೇಡಿಕೆ ತಿರುಗಿ ಬರುತ್ತದೆ. ಎಲ್ಲವೂ ದೇವರ ಇಚ್ಛೆಯೆಂದು ನಂಬಿದವರಿಗೂ ಮೊದಲ ದಿನಗಳಲ್ಲಿ ಆ ನಂಬಿಕೆ ಕೈಗೆ ಸಿಗುವುದಿಲ್ಲ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಇನ್ನೊಂದು ಕನ್ನಡ ಕವಿತೆಯನ್ನು ನಾನು ಓದಿಲ್ಲ. ಅಳುವನ್ನು ಅದುಮಿಟ್ಟುಕೊಂಡ ಹೆಂಡತಿಗೆ ಅವನು ಕೊಡುವುದು ಉಪದೇಶವಲ್ಲ, ಅತ್ತುಬಿಡು ಎಂಬ ಅಪ್ಪಣೆ. ನಮ್ಮ ಸಂತಾಪ ಸಭೆಗಳಲ್ಲಿ ‘ಅಳಬೇಡಮ್ಮಾ, ಧೈರ್ಯ ತಂದುಕೋ’ ಎನ್ನುವವರೇ ಹೆಚ್ಚು.

ಇಂಥ ಕವಿತೆಯನ್ನು ಸುಗಮ ಸಂಗೀತದ ವೇದಿಕೆಗಳಲ್ಲಿ ಮೊದಲ ಸಾಲಿನ ಮೋಹಕ್ಕೆ ಒಳಗಾಗಿ ಪ್ರೇಮಗೀತೆಯಂತೆ ಹಾಡುವುದೂ, ಸಭೆ ತಲೆದೂಗುವುದೂ ಉಂಟು. ಗಾಯಕರು ದಯವಿಟ್ಟು ಹಾಡುವ ಮುನ್ನ ಸಂದರ್ಭವನ್ನು ಎರಡು ಮಾತಿನಲ್ಲಿ ತಿಳಿಸಲಿ, ನುಡಿಗಳನ್ನು ಬಿಡದೆ ಪೂರ್ತಿ ಹಾಡಲಿ. ಕಗ್ಗವನ್ನು ಬಲ್ಲ ಹಿರಿಯರಲ್ಲಿಯೂ ನನ್ನದೊಂದು ವಿನಂತಿಯಿದೆ: ಹದಿಮೂರನೆಯ ದಿನದ ಊಟದ ಹೊತ್ತಿಗೇ ಜಟಕಾಬಂಡಿಯನ್ನು ಹೊರಡಿಸಬೇಡಿ. ಕಗ್ಗದ ವ್ಯಾಖ್ಯಾನಕ್ಕೆ ಈ ಊರಿನಲ್ಲಿ ಬೇರೆ ವೇದಿಕೆಗಳಿವೆ, ಬೇರೆ ಸಂಜೆಗಳೂ ಇವೆ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು