ಸಲಹೆ ಕೇಳುವಾಗಲೇ ಸಂಭಾವನೆಯ ಮಾತೂ ಆಗಲಿ

ಸಂಪಾದಕರೇ,

‘ಸುಮ್ನೆ ಹತ್ತು ನಿಮಿಷ ಮೇಡಂ, ಒಂದು ಸಣ್ಣ ಸಲಹೆ ಬೇಕಿತ್ತು.’ ವಕೀಲೆ, ಲೆಕ್ಕ ಪರಿಶೋಧಕಿ, ವಿನ್ಯಾಸಕಿ, ಅನುವಾದಕಿ, ಯಾರನ್ನೇ ಕೇಳಿ, ಈ ಮಾತು ಚೆನ್ನಾಗಿ ಗೊತ್ತು. ಹತ್ತು ನಿಮಿಷ ಒಂದು ಗಂಟೆಯಾಗುತ್ತದೆ. ಆಮೇಲೆ ಕರಡನ್ನೂ ತಿದ್ದಿಕೊಡಿ ಎನ್ನುತ್ತಾರೆ. ಶುಲ್ಕದ ಮಾತೆತ್ತಿದರೆ ಮುಖ ಸಣ್ಣದು ಮಾಡುತ್ತಾರೆ. ಗಂಡಸರಿಗೆ ಹೀಗಾಗುವುದೇ ಇಲ್ಲ ಎಂದಲ್ಲ. ಆದರೆ ಅವರು ದರ ಹೇಳಿದರೆ ಅದು ವ್ಯವಹಾರ, ಹೆಣ್ಣುಮಕ್ಕಳು ಹೇಳಿದರೆ ದುರಾಸೆ.

ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲೇ ಅಂಗೀಕರಿಸಿತ್ತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದಂತೆ, ಶ್ರೀಮಂತ ದೇಶಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಈಗ ಉಳಿದಿರುವ ಗಳಿಕೆಯ ಅಂತರದ ಹೆಚ್ಚಿನ ಪಾಲು ಒಂದೇ ವೃತ್ತಿಯ ಒಳಗೇ ಇದೆ. ಮೊದಲ ಮಗು ಹುಟ್ಟಿದ ಮೇಲೆ ಅದು ಜಾಸ್ತಿಯಾಗುತ್ತದೆ. ಹೆಂಗಸರ ಓದು ಕಡಿಮೆ ಎಂಬ ನೆಪ ಇನ್ನು ನಡೆಯುವುದಿಲ್ಲ, ಅಲ್ವಾ?

ಸ್ವತಂತ್ರವಾಗಿ ದುಡಿಯುವವರ ಕಷ್ಟವೇ ಬೇರೆ. ಅವರಿಗೆ ಸಂಬಳದ ಚೀಟಿ ಇರುವುದಿಲ್ಲ. ಅದೇ ಕೆಲಸಕ್ಕೆ ಇನ್ನೊಬ್ಬರಿಗೆ ಎಷ್ಟು ಕೊಟ್ಟರು ಎಂದೂ ತಿಳಿಯುವುದಿಲ್ಲ. ಹಾಗಾಗಿ ಕರೆಯುವ ಸಂಸ್ಥೆಗಳೇ ದರವನ್ನು ಮೊದಲೇ ಬರೆದು ತಿಳಿಸಲಿ. ಒಂದೇ ವೇದಿಕೆಯಲ್ಲಿ ಕೂತವರಿಗೆ ಒಂದೇ ದರ ಇರಲಿ. ದುಡ್ಡಿಲ್ಲದಿದ್ದರೆ ಅದನ್ನೂ ನೇರವಾಗಿ ಹೇಳಲಿ. ಒಪ್ಪುವುದು ಬಿಡುವುದು ಕೆಲಸ ಮಾಡುವವರ ಇಷ್ಟ. ‘ನಿಮಗೆ ಒಳ್ಳೆ ಹೆಸರು ಬರುತ್ತೆ’ ಎನ್ನುವುದನ್ನು ಮಾತ್ರ ಇನ್ನು ನಿಲ್ಲಿಸಲಿ (ಹೆಸರು ಬಂತೆಂದು ಯಾರೂ ಮನೆ ಬಾಡಿಗೆ ಮನ್ನಾ ಮಾಡುವುದಿಲ್ಲ). ಹಾಗೇ, ಕೆಲಸ ಮುಗಿದ ಮೇಲೆ ಹಣಕ್ಕಾಗಿ ತಿಂಗಳುಗಟ್ಟಲೆ ಫೋನ್ ಮಾಡಿಸಬೇಡಿ.

– ಓದುಗರೊಬ್ಬರು