ಡೇರಿಯ ಮುಂದಿನ ಸಾಲಿಗೆ ನನ್ನ ಕೃತಜ್ಞತೆಗಳು

ಬಾಂಬೆ ಐಐಟಿಯ ಐಡಿಸಿ ವಿನ್ಯಾಸ ಶಾಲೆಯಲ್ಲಿ ಇಂಟರಾಕ್ಷನ್ ಡಿಸೈನ್ ವಿಷಯದ ಎಂ.ಡಿಸ್. ಸ್ನಾತಕೋತ್ತರ ಪದವಿಗೆ ನನಗೆ ಪ್ರವೇಶ ದೊರೆತಿರುವ ಸುದ್ದಿ ನಿಮ್ಮಲ್ಲಿ ಹಲವರಿಗೆ ಈಗಾಗಲೇ ತಲುಪಿದೆ. ಫೋನ್ ಮಾಡಿ ಹರಸಿದವರಿಗೆಲ್ಲ ಅವಸರದಲ್ಲಿ ಎರಡು ಮಾತಾಡಿ ಸುಮ್ಮನಾಗಿದ್ದೇನೆ. ಆದರೆ ಎರಡು ವರ್ಷಗಳ ಈ ಅಲೆದಾಟದಲ್ಲಿ ಯಾರು ಯಾರು ನನ್ನನ್ನು ತಿದ್ದಿದರು ಎಂಬುದನ್ನು ಬರೆದಿಡದೆ ಪಾಂಡವಪುರದ ರೈಲು ಹತ್ತಲು ಮನಸ್ಸು ಒಪ್ಪಲಿಲ್ಲ. ಹೆಸರು ಹಾಕಿದರೆ ಮುಜುಗರಪಡುವವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ತಂತಮ್ಮ ಪಾಲು ಅವರಿಗೇ ತಿಳಿಯುತ್ತದೆ.

ನಾನು ಓದಲು ಹೊರಟಿರುವುದು ಏನು ಎಂದು ಕೇಳಿದವರಿಗೆ ಅಪ್ಪ ಇಂದಿಗೂ 'ಕಂಪ್ಯೂಟರ್‌ನಲ್ಲೇ ಏನೋ ಮುಂದಕ್ಕೆ' ಎನ್ನುತ್ತಾರೆ. ಮಾನವ–ಕಂಪ್ಯೂಟರ್ ಸಂವಹನ ಎಂಬ ಪುಸ್ತಕದ ಹೆಸರಿಗಿಂತ ಅದೇ ವಾಸಿ. ಯಂತ್ರದ ಮುಂದೆ ನಿಂತ ಮನುಷ್ಯ ತಡವರಿಸಿದಾಗ ತಪ್ಪು ಆತನದೋ, ಆ ಯಂತ್ರವನ್ನು ಹಾಗೆ ರೂಪಿಸಿದವರದೋ ಎಂದು ಕೇಳುವ ವಿದ್ಯೆ ಇದು ಎಂದು ನಾನು ಹೇಳುತ್ತೇನೆ. ಅಪ್ಪನಿಗೆ ಈ ವಿವರಣೆಯೂ ಉದ್ದವೆನಿಸಿದೆ.

ಮೊದಲ ವರ್ಷದ ಕಥೆಯನ್ನು ಬೇಗ ಮುಗಿಸುತ್ತೇನೆ. ಮೈಸೂರಿನ ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಮೂರು ವರ್ಷ ಕೆಲಸ ಮಾಡಿದ ಮೇಲೆ, ವಿದೇಶದ ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದೆ. ಅರ್ಜಿಯ ಜೊತೆಗಿಡಬೇಕಾದ ಉದ್ದೇಶ ಪತ್ರವನ್ನು ಒಂದು ಸಲಹಾ ಕೇಂದ್ರದವರು ಶುಲ್ಕ ಪಡೆದು ಬರೆದುಕೊಟ್ಟರು. ಬಾಲ್ಯದಿಂದಲೂ ನನಗೆ ತಂತ್ರಜ್ಞಾನದಲ್ಲಿ ಅಪಾರ ಆಸಕ್ತಿ ಎಂದು ಆರಂಭವಾಗುವ ಆ ಪತ್ರದ ಮೊದಲ ಎರಡು ವಾಕ್ಯಗಳು, ಅದೇ ಕೇಂದ್ರಕ್ಕೆ ಹೋಗಿದ್ದ ಮತ್ತೊಬ್ಬಳ ಪತ್ರದಲ್ಲೂ ಅಕ್ಷರ ಬದಲಾಗದೆ ಇದ್ದುದು ಆಮೇಲೆ ತಿಳಿಯಿತು. ನಾಲ್ಕೂ ಕಡೆಯಿಂದ ನಿರಾಕರಣೆ ಬಂತು. ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಇದ್ದ ತಂತ್ರಜ್ಞಾನವೆಂದರೆ ಒಂದು ರೇಡಿಯೊ ಮತ್ತು ಪಂಪ್‌ಸೆಟ್ಟಿನ ಸ್ಟಾರ್ಟರ್. ಅವೆರಡರ ಮೇಲೂ ನನಗೆ ಅಂಥ ಆಸಕ್ತಿಯೇನೂ ಇರಲಿಲ್ಲ.

ಈ ಹಂತದಲ್ಲಿ ನಾನು ಮೊದಲು ನೆನೆಯಬೇಕಾದವರು ಕಚೇರಿಯ ಒಬ್ಬ ಹಿರಿಯ ಸಹೋದ್ಯೋಗಿ. ಊಟ ತರಿಸುವ ಆ್ಯಪ್ ಒಂದಕ್ಕೆ ಹೊಸ ಬಣ್ಣ, ಹೊಸ ಗುಂಡಿ ಹಾಕಿ ನಾನು ಮಾಡಿದ್ದ, ಕೆಲಸದ ಮಾದರಿಗಳ ಸಂಗ್ರಹವಾದ ಪೋರ್ಟ್‌ಫೋಲಿಯೊವನ್ನು ಅವರು ಊಟದ ಬಿಡುವಿನಲ್ಲಿ ಪುಟ ಬಿಡದೆ ನೋಡಿ, "ಈ ಆ್ಯಪ್‌ನಿಂದ ಕಷ್ಟಪಟ್ಟ ಒಬ್ಬರನ್ನಾದರೂ ಮಾತಾಡಿಸಿದ್ದೀಯಾಮ್ಮ?" ಎಂದು ಕೇಳಿದರು. ಇಲ್ಲವೆಂದೆ. ಅವರು ಡಬ್ಬಿ ಮುಚ್ಚಿಕೊಂಡು ಎದ್ದುಹೋದರು. ಒಂದು ವಾರ ಅವರ ಮೇಲೆ ಸಿಟ್ಟಿತ್ತು, ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕಷ್ಟಪಡುವವರನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಅಮ್ಮ ದಿನಕ್ಕೆ ಎರಡು ಹೊತ್ತು ಊರಿನ ಡೇರಿಗೆ ಹಾಲು ಹಾಕುತ್ತಾರೆ. ಪ್ರತಿ ಹೊತ್ತಿಗೂ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅಂದರೆ ಕೊಬ್ಬನ್ನು ಬಿಟ್ಟು ಹಾಲಿನಲ್ಲಿರುವ ಪ್ರೋಟೀನ್, ಸಕ್ಕರೆ, ಖನಿಜಗಳ ಪಾಲು ಎಷ್ಟು, ಇವುಗಳ ಮೇಲೆ ದರವೆಷ್ಟು ಎಂಬುದೆಲ್ಲ ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಬಿಸಿಗೆ ಕಪ್ಪಾಗುವ ಕಾಗದವಾದ್ದರಿಂದ ಒಲೆಯ ಪಕ್ಕದ ಗೂಡಿನಲ್ಲಿಟ್ಟ ಚೀಟಿ ಬಟವಾಡೆಯ ದಿನ ಬರುವಷ್ಟರಲ್ಲಿ ಓದಲಾಗದಂತೆ ಆಗಿರುತ್ತದೆ. ಚೀಟಿ ಇಂಗ್ಲಿಷಿನಲ್ಲಿರುವುದೇ ತೊಂದರೆ, ಕನ್ನಡದಲ್ಲಿ ಕೊಟ್ಟರೆ ಮುಗಿಯಿತು ಎಂದು ನಾನು ತೀರ್ಮಾನಿಸಿಬಿಟ್ಟೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅಗ್ಗದ ಚೀಟಿ ಯಂತ್ರಗಳಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿರುವ 'ಕ್ಷ' ಯೂನಿಕೋಡ್‌ನಲ್ಲಿ ಕಕಾರ, ಅರ್ಧಾಕ್ಷರ ಮಾಡುವ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳಾಗಿದ್ದು, ಅವನ್ನು ಸೇರಿಸಿ ರೂಪ ಕೊಡುವ ಕೆಲಸವನ್ನು ಇನ್ನೊಂದು ತಂತ್ರಾಂಶ ಮಾಡಬೇಕು. ಇಡೀ ಚೀಟಿಯನ್ನೇ ಚಿತ್ರವಾಗಿಸಿ ಯಂತ್ರಕ್ಕೆ ಕಳಿಸುವ ಉಪಾಯವನ್ನು ಹೇಳಿಕೊಟ್ಟು, ಎರಡು ಭಾನುವಾರ ನನ್ನೊಡನೆ ಕುಳಿತು ಅದನ್ನು ಬರೆದುಕೊಟ್ಟ ಗೆಳೆಯನಿಗೆ ಕೃತಜ್ಞತೆ. ಆ ಚೀಟಿ ಕೊನೆಗೆ ಕೆಲಸಕ್ಕೆ ಬರಲಿಲ್ಲವೆಂಬ ಸಂಗತಿಯನ್ನು ನಾನು ಅವನಿಗೆ ಬಹಳ ದಿನ ಹೇಳಲಿಲ್ಲ. ಅದಕ್ಕಾಗಿ ಕ್ಷಮೆಯೂ ಇರಲಿ.

ಯಾಕೆ ಬರಲಿಲ್ಲವೆಂದರೆ, ಅಭಿಮಾನದಿಂದ ನಾನು ಅಂಕಿಗಳನ್ನೂ ಕನ್ನಡದಲ್ಲೇ ಅಚ್ಚು ಹಾಕಿಸಿದ್ದೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ನಮ್ಮ ಬೀದಿಯಲ್ಲೇ ಇರುವ, ಶಾಲೆಯ ಮೆಟ್ಟಿಲು ಹತ್ತದ ಅಕ್ಕ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಕಿ ನಂಗೂ ಬತ್ತದೆ ಕಣವ್ವ, ದಿನಾ ಫೋನ್ ಒತ್ತಾಕಿಲ್ವಾ? ಇದ್ಯಾವ್ ಅಂಕಿ ಬರ್ಕೊಂಡ್ ಬಂದಿದ್ದೀಯ?" ಎಂದರು. ಕನ್ನಡದ ಹೆಸರಿನಲ್ಲಿ ನಾನು ಅವರಿಗೆ ಗೊತ್ತಿದ್ದ ಒಂದೇ ಲಿಪಿಯನ್ನು ಕಿತ್ತುಕೊಂಡಿದ್ದೆ. ಕನ್ನಡ ಅಂಕಿಗಳ ಬಗ್ಗೆ ನನಗಿರುವ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಆ ಬೆಳಿಗ್ಗೆ ಅದರ ಜಾಗ ಬೇರೆ ಎಂದು ತಿಳಿಯಿತು.

ಚೀಟಿ ಸರಿಮಾಡಿ ಕೊಡುತ್ತೇನೆ ಎಂದಾಗ ಅವರು ಹೇಳಿದ ಇನ್ನೊಂದು ಮಾತು ನನ್ನ ಕೆಲಸವನ್ನೇ ಬದಲಿಸಿತು. "ಹಾಲು ಕ್ಯಾನಿಗೆ ಬಿದ್ಮೇಲೆ ಚೀಟಿ ಕೊಟ್ರೆ ಏನ್ ಮಾಡಾನ? ತಿರ್ಗ ಎತ್ಕೊಳಾಕಾಯ್ತದಾ?"

ಆ ಮಾತಿನ ನಂತರವೇ ನಾನು ಡೇರಿಯನ್ನು ಕಣ್ಣುಬಿಟ್ಟು ನೋಡಿದ್ದು. ತಂದ ಹಾಲನ್ನು ತಕ್ಕಡಿಯ ಮೇಲಿನ ಪಾತ್ರೆಗೆ ಸುರಿಯುತ್ತಾರೆ, ತೂಕವಾಗುತ್ತದೆ. ಪರೀಕ್ಷೆ ಮಾಡುವ ಹುಡುಗ ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ಮಾದರಿ ತೆಗೆದು ಯಂತ್ರದ ಕೊಳವೆಗೆ ಹಿಡಿಯುತ್ತಾನೆ. ಯಂತ್ರ ಲೆಕ್ಕ ಹಾಕಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ; ಹಿಂದೆ ಸಾಲು ಬೆಳೆಯುತ್ತಿರುವುದರಿಂದ ಅಷ್ಟರೊಳಗೆ ಪಾತ್ರೆಯ ಹಾಲು ಕ್ಯಾನಿಗೆ ಬಿದ್ದು, ಲೋಟದ ಹಾಲೂ ಅದರ ಹಿಂದೆಯೇ ಹೋಗಿ, ಮುಂದಿನವರು ಬಂದು ನಿಂತಿರುತ್ತಾರೆ. ಅಂಕಿ ಮೂಡುವ ಪರದೆಯ ಮುಖ ಇದ್ದದ್ದು ಹುಡುಗನ ಕಡೆಗೆ. ಹಾಲು ಹಾಕಿದವರ ಕೈಗೆ ಅಂಕಿ ಸಿಗುವಾಗ, ಇನ್ನೊಮ್ಮೆ ಪರೀಕ್ಷೆ ಮಾಡಿ ಎನ್ನಲು ಅವರ ಹಾಲು ಬೇರೆಯಾಗಿ ಎಲ್ಲೂ ಉಳಿದಿರುತ್ತಿರಲಿಲ್ಲ. ಫ್ಯಾಟ್ ಇಳಿದ ದಿನ ಅನುಮಾನ ಹುಡುಗನ ಮೇಲೆ, ಇಲ್ಲವೇ ಅತ್ತೆ ಸೊಸೆಯರಲ್ಲಿ ಹಾಲು ಕರೆದವರ ಮೇಲೆ.

ಡೇರಿಯ ಕಾರ್ಯದರ್ಶಿಯವರು ಸಾಲಿಗೆ ಅಡ್ಡ ನಿಲ್ಲಬಾರದೆಂಬ ಒಂದೇ ಷರತ್ತು ಹಾಕಿ, 23 ದಿನ ಬೆಳಿಗ್ಗೆ ನನ್ನನ್ನು ಮೂಲೆಯಲ್ಲಿ ನಿಲ್ಲಲು ಬಿಟ್ಟರು. ಹಾಲಿನ ಕೊಬ್ಬು ಅಳೆಯುವ ಹಳೆಯ ಗರ್ಬರ್ ಪರೀಕ್ಷೆಯನ್ನು ನನಗೆ ವಿವರಿಸಿದವರೂ ಅವರೇ. ಗಾಜಿನ ಕೊಳವೆಯಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ ಗರಗರ ತಿರುಗಿಸಿದರೆ, ಕೊಬ್ಬು ಬೇರೆಯಾಗಿ ಮೇಲೆ ಬಂದು ಗೆರೆಗಳ ನಡುವೆ ಹಳದಿ ಕಂಬವಾಗಿ ನಿಲ್ಲುತ್ತಿತ್ತಂತೆ. ಆಮ್ಲದಿಂದ ಕೈ ಸುಟ್ಟುಕೊಂಡ ಗುರುತನ್ನೂ ತೋರಿಸಿದರು. ಈಗಿನ ಯಂತ್ರ ಶಬ್ದತರಂಗಗಳನ್ನು ಹಾಯಿಸಿ ಲೆಕ್ಕ ಹಾಕುತ್ತದೆ. ಬೇಗ ಆಗುತ್ತದೆ, ಕೈ ಸುಡುವುದಿಲ್ಲ. "ಆದರೆ ಅವತ್ತು ಯಾರಾದರೂ ಜಗಳಕ್ಕೆ ಬಂದರೆ ಕೊಳವೆ ಎತ್ತಿ ಬೆಳಕಿಗೆ ಹಿಡಿದು ತೋರಿಸುತ್ತಿದ್ದೆ, ಇವತ್ತು ಏನನ್ನು ತೋರಿಸಲಿ?" ಎಂದು ಅವರು ಕೇಳಿದ್ದನ್ನು ನಾನು ಉದ್ದೇಶ ಪತ್ರದಲ್ಲಿ ಹಾಗೆಯೇ ಬರೆದುಕೊಂಡೆ. ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಇಂಥ ವಿನ್ಯಾಸಕ್ಕೆಂದು 1994ರಲ್ಲಿ ಪಟ್ಟಿ ಮಾಡಿದ ಹತ್ತು ಸೂತ್ರಗಳಲ್ಲಿ, ಒಳಗೆ ಏನು ನಡೆಯುತ್ತಿದೆ ಎಂಬುದು ಬಳಸುವವರಿಗೆ ಸಕಾಲದಲ್ಲಿ ಕಾಣುತ್ತಿರಬೇಕು ಎನ್ನುವುದೇ ಮೊದಲನೆಯದು. ಅದನ್ನು ನಾನು ಕಾಲೇಜಿನಲ್ಲೇ ಓದಿ, ಅಂಕ ಪಡೆದು, ಮರೆತಿದ್ದೆ.

ಮತ್ತೊಂದು ಸಂಗತಿಯನ್ನು ನಾನು ಕಂಡದ್ದು ಆ ಅಕ್ಕನ ಅಡುಗೆಮನೆಯ ಬಾಗಿಲ ಹಿಂದೆ. ಹಸಿರು ಬಣ್ಣ ಉದುರಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು. ಬೆಳಗಿನ ಸಾಲಿನ ತಲೆಗೆ ಒಂದು ಸುತ್ತು, ಸಂಜೆಯದಕ್ಕೆ ಅರ್ಧ ಚಂದ್ರ. ಚೀಟಿ ಮಾಸುವ ಮುಂಚೆ ಫ್ಯಾಟಿನ ಅಂಕಿಯನ್ನು ಮಾತ್ರ ಅವರು ಅಲ್ಲಿಗೆ ಇಳಿಸಿಕೊಳ್ಳುತ್ತಿದ್ದರು. 3.9, 4.1, 4.0, ಆಮೇಲೆ 3.5, ಅದರ ಪಕ್ಕದಲ್ಲಿ ಒಂದು ಗೀಟು. ಗೀಟು ಏನೆಂದು ಕೇಳಿದರೆ, ಅವತ್ತು ಒಣಹುಲ್ಲು ಮುಗಿದು ಬರೀ ಹಸಿಹುಲ್ಲು ಹಾಕಿದ್ದೆ ಎಂದರು. ಬಟವಾಡೆ ಆದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಶುರು. ಕಂಪನಿಯಲ್ಲಿ ನಾವು ಹಣ ಕೊಟ್ಟು ಮಾಡಿಸುವ ಎಷ್ಟೋ ನಕ್ಷೆಗಳಲ್ಲಿ ಇಷ್ಟು ಸ್ಪಷ್ಟತೆ ಇರುವುದಿಲ್ಲ. ಆ ಬಾಗಿಲಿನ ಫೋಟೊ ನನ್ನ ಪೋರ್ಟ್‌ಫೋಲಿಯೊದ ಮೊದಲ ಪುಟವಾಯಿತು.

ಕೊನೆಗೆ ನಾನು ಮಾಡಿದ್ದು ಹೇಳಿಕೊಳ್ಳಲು ಬಹಳ ಸಣ್ಣದು. ಮೇಜನ್ನು ಒಂದು ಮೊಳ ಸರಿಸಿ ಪರದೆಯನ್ನು ಸಾಲಿನ ಕಡೆಗೆ ತಿರುಗಿಸಿದೆವು. ಮಾದರಿಗೆ ಒಂದರ ಬದಲು ಎರಡು ಲೋಟ ಇಟ್ಟು, ಅಂಕಿ ನೋಡಿ ಹಾಲು ಹಾಕಿದವರು ಸರಿ ಎನ್ನುವವರೆಗೆ ಅವರ ಲೋಟವನ್ನು ಖಾಲಿ ಮಾಡಬಾರದೆಂದು ಗೊತ್ತುಮಾಡಿದೆವು. ಚೀಟಿಯಲ್ಲಿ ಇವತ್ತಿನ ಫ್ಯಾಟಿನ ಪಕ್ಕದಲ್ಲಿ ನಿನ್ನೆಯದನ್ನೂ ದೊಡ್ಡದಾಗಿ ಹಾಕಿದೆ. ನಿನ್ನೆಯದನ್ನು ಹಾಕುವ ಯೋಚನೆ ಆ ಬಾಗಿಲಿನಿಂದ ಬಂದದ್ದು. ಮೊದಲ ಮೂರು ದಿನ ಸಾಲು ಇನ್ನಷ್ಟು ಉದ್ದವಾಗಿ, ಪರೀಕ್ಷೆಯ ಹುಡುಗ ನನ್ನನ್ನು ಬೈದುಕೊಂಡ. ಅವನ ಬೈಗುಳವೂ ನನ್ನ ಟಿಪ್ಪಣಿಯಲ್ಲಿ ಸೇರಿದೆ. ಎರಡು ಲೋಟಗಳ ಹಿಡಿಗೆ ಬೇರೆ ಬೇರೆ ಬಣ್ಣದ ದಾರ ಸುತ್ತಿ ಗಲಿಬಿಲಿ ತಪ್ಪಿಸಿದವನೂ ಅವನೇ.

ಇನ್ನು ಸೀಡ್ (CEED) ಪರೀಕ್ಷೆ. ವಿನ್ಯಾಸದ ಸ್ನಾತಕೋತ್ತರ ಪ್ರವೇಶಕ್ಕಾಗಿ ಬಾಂಬೆ ಐಐಟಿ ನಡೆಸುವ ಈ ಪರೀಕ್ಷೆಗೆ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದು ಗೊತ್ತಿರಲಿ ಎಂದು ಬರೆದಿದ್ದೇನೆ. ಎ ಭಾಗ ಕಂಪ್ಯೂಟರಿನಲ್ಲಿ ಒಂದು ಗಂಟೆ, ಬಿ ಭಾಗ ಕಾಗದದ ಮೇಲೆ ಎರಡು ಗಂಟೆ. ಅಂತಿಮ ಅಂಕದಲ್ಲಿ ಮುಕ್ಕಾಲು ಪಾಲು ಬಿ ಭಾಗದ್ದು, ಅಲ್ಲಿ ಚಿತ್ರ ಬರೆಯಬೇಕು. ಎಂಜಿನಿಯರಿಂಗ್ ಓದಿದ ನನ್ನ ಕೈಯಲ್ಲಿ ಮನುಷ್ಯರೆಲ್ಲ ಬೆದರುಬೊಂಬೆಗಳಂತೆ ಮೂಡುತ್ತಿದ್ದರು. ಸರಸ್ವತಿಪುರಂನ ನಿವೃತ್ತ ಚಿತ್ರಕಲಾ ಮೇಷ್ಟ್ರೊಬ್ಬರು ಶನಿವಾರಗಳಂದು ನನ್ನನ್ನು ದೇವರಾಜ ಮಾರುಕಟ್ಟೆಗೆ ಕರೆದೊಯ್ದು, ಹೂವು ಕಟ್ಟುವವರ ಎದುರು ಕೂರಿಸಿ, ಮುಖ ಬರೆಯಬೇಡ, ಕೈ ಮಾತ್ರ ಬರೆ ಎಂದರು. ನಾರು ಸುತ್ತುವ ಹೆಬ್ಬೆರಳು ಯಾವ ಬೆರಳಿನ ಹಿಂದೆ ಹೋಗಿ ಎಲ್ಲಿ ಹೊರಬರುತ್ತದೆ ಎಂಬುದು ನನಗೆ ಕಾಣಿಸಲು ಎರಡು ತಿಂಗಳು ಬೇಕಾಯಿತು. ದಕ್ಷಿಣೆಯೆಂದು ಕೊಟ್ಟದ್ದನ್ನು ಅವರು ತೆಗೆದುಕೊಳ್ಳಲಿಲ್ಲ, ನಮ್ಮ ಮನೆಯ ತುಪ್ಪವನ್ನು ಮಾತ್ರ ಬೇಡವೆನ್ನಲಿಲ್ಲ. ಆ ಜನವರಿಯ ಸಂಕ್ರಾಂತಿಯ ಸಂಜೆ ಊರಿನಲ್ಲಿ ಎಲ್ಲರೂ ಕಿಚ್ಚು ಹಾಯಿಸುತ್ತಿದ್ದಾಗ ನಾನು ಬೆಂಕಿ ದಾಟುವ ಎತ್ತಿನ ಮುಂಗಾಲು ಹೇಗೆ ಮಡಿಚುತ್ತದೆ ಎಂದು ನೋಡುತ್ತ ನಿಂತಿದ್ದೆ. ಎಳ್ಳು ಬೀರಲು ಮನೆಮನೆಗೆ ಹೋಗುವ ಕೆಲಸವನ್ನೆಲ್ಲ ತಂಗಿಯೊಬ್ಬಳೇ ಮಾಡಿದಳು.

ಸಂದರ್ಶನದಲ್ಲಿ ನನಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು, ಒಂದು ಪರದೆಯನ್ನು ತಿರುಗಿಸಿದ್ದನ್ನು ವಿನ್ಯಾಸ ಎನ್ನಬಹುದೇ ಎಂಬುದು. ಸಿದ್ಧಪಡಿಸಿಕೊಂಡ ಉತ್ತರ ಯಾವುದೂ ನೆನಪಿಗೆ ಬರಲಿಲ್ಲ. ಪರದೆ ತಿರುಗಿಸಲು ಒಂದು ನಿಮಿಷ ಸಾಕಾಯಿತು, ತಿರುಗಿಸಬೇಕು ಎಂದು ತಿಳಿಯಲು ನನಗೆ 23 ಬೆಳಗು ಬೇಕಾದವು, ಅದೂ ನನಗೆ ಹೊಳೆದದ್ದಲ್ಲ, ಸಾಲಿನಲ್ಲಿ ನಿಂತವರು ಹೇಳಿದ್ದು ಎಂದೆ. ಅವರು ಬಾಗಿಲಿನ ಫೋಟೊಗೆ ಹಿಂತಿರುಗಿ, ಆ ಗೀಟುಗಳ ಬಗ್ಗೆ ಬಹಳ ಹೊತ್ತು ಕೇಳಿದರು.

ಅಮ್ಮನಿಗೆ ಏನೆಂದು ಬರೆಯುವುದೋ ತಿಳಿಯದು. ಆ 23 ಬೆಳಿಗ್ಗೆ ನಾನು ಡೇರಿಯಿಂದ ನೇರವಾಗಿ ರೈಲಿಗೆ ಓಡುವಾಗ ಡಬ್ಬಿ ಕಟ್ಟಿ ಗೇಟಿನ ಬಳಿ ನಿಂತಿರುತ್ತಿದ್ದರು. ಮದುವೆ ಮಾತು ತಂದವರಿಗೆಲ್ಲ 'ಅವಳದೊಂದು ಪರೀಕ್ಷೆ ಇದೆ' ಎಂದು ಎರಡು ವರ್ಷ ಒಂದೇ ಉತ್ತರ ಕೊಟ್ಟರು.

ತರಗತಿಗಳು ಜುಲೈಯಲ್ಲಿ ಆರಂಭವಾಗುತ್ತವೆ. ಫೋಟೊ ತೆಗೆಯಲೆಂದು ಡೇರಿಯಿಂದ ತಂದ ಎರಡು ಹಳೆಯ ಲೋಟಗಳು, ಕಾರ್ಯದರ್ಶಿಯವರ ಮನೆಯಿಂದ ತಂದ ಗಾಜಿನ ಕೊಳವೆ, ಅಕ್ಕ ನಂಬಿ ಕೊಟ್ಟ ಹಳೆಯ ಪಾಸ್‌ಬುಕ್ ಇನ್ನೂ ನನ್ನ ಮೇಜಿನ ಮೇಲಿವೆ. ಕೊಳವೆಯನ್ನೂ ಪಾಸ್‌ಬುಕ್ಕನ್ನೂ ಈ ಭಾನುವಾರ ನಾನೇ ಬಂದು ಒಪ್ಪಿಸುತ್ತೇನೆ. ಲೋಟಗಳನ್ನು ನಾಳೆ ಬೆಳಗಿನ ಹಾಲಿನ ಜೊತೆ ಅಮ್ಮ ತರುತ್ತಾರೆ, ದಾರ ಬಿಚ್ಚಿಲ್ಲ.